ಗಾಜಿಗೆ ಕೈಗವಸು, ಮಂಜುಗಡ್ಡೆಗೆ ಬರಿಗೈಯಾ?

ನಡೆಯುವ ಕಾಲು ಎಡವುತ್ತದೆ ಅನ್ನುತ್ತಾರೆ. ಹಾಗಿದ್ದ ಮೇಲೆ ಮಂಜುಗಡ್ಡೆಯ ಮೇಲೆ ಜಾರುವ ಕಾಲಿನ ಗತಿ ಕೇಳಬೇಕೆ? ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಬೀಳುವಾಗ ನಮ್ಮ ಕೈ ಏನು ಮಾಡುತ್ತದೆ? ಹೇಳದೆ ಕೇಳದೆ ಮುಂದೆ ಚಾಚಿ ನೆಲಕ್ಕೆ ಊರಿಬಿಡುತ್ತದೆ. ಮೈಯ ಭಾರವೆಲ್ಲ ಪಾಪ, ಆ ಪುಟ್ಟ ಮಣಿಕಟ್ಟಿನ ಮೇಲೆ! ಇದು ಅಂಥ ಒಂದು ಕೈಯ ಕಥೆ.

ಆ ಕೈಯ ಒಡತಿಯನ್ನು ಎಲ್ಲರೂ ಫ್ರೇಮಮ್ಮ ಎಂದೇ ಕರೆಯುತ್ತಿದ್ದರು. ಅವಳೂ ಅವಳ ಅಕ್ಕನೂ ಸೇರಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತಿದ್ದರು. ಅಕ್ಕ ಗಾಜು ಕೊಯ್ಯುವಳು, ತಂಗಿ ಮರದ ಪಟ್ಟಿ ಜೋಡಿಸಿ ಮೊಳೆ ಹೊಡೆಯುವಳು. ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಹಾಗಾಗಿ ಇಬ್ಬರ ಮಾತೂ ಕೈಯಲ್ಲೇ, ಸನ್ನೆ ಭಾಷೆಯಲ್ಲೇ. ಮಾತು ಕಡಿಮೆ ಅಂದುಕೊಂಡೀರಿ ಮತ್ತೆ! ಗಿರಾಕಿಯ ಎದುರಿಗೇ ಗಿರಾಕಿಯ ಮೀಸೆಯನ್ನು ಆಡಿಕೊಂಡು, ಮುಖ ಮಾತ್ರ ಗಂಭೀರವಾಗಿ ಇಟ್ಟುಕೊಳ್ಳುವಷ್ಟು ಚಾಲಾಕಿನವರು ಇಬ್ಬರೂ.

ಐವತ್ತು ಹತ್ತಿರ ಬಂದಾಗ ಫ್ರೇಮಮ್ಮನಿಗೆ ಮಂಜುಗಡ್ಡೆಯ ಮೇಲೆ ಜಾರುತ್ತಾ ಕುಣಿಯುವ ಫಿಗರ್ ಸ್ಕೇಟಿಂಗ್ ಹುಚ್ಚು ಹಿಡಿಯಿತು. ಬೆಳಿಗ್ಗೆ ಐಸ್ ರಿಂಕ್‌ನಲ್ಲಿ ದೊಡ್ಡವರಿಗೆಂದೇ ತರಗತಿ ಇತ್ತು. ಬಸ್ ಡ್ರೈವರು, ಗಣಿತದ ಮೇಷ್ಟ್ರು, ಮೊಮ್ಮಕ್ಕಳಿರುವ ಅಜ್ಜಿ, ಎಲ್ಲರೂ ಅಲ್ಲಿ ಚಿಕ್ಕ ಮಕ್ಕಳೇ. ಅಕ್ಕ ಅಂಚಿನ ಅಡ್ಡಗೋಡೆಗೆ ಮೊಣಕೈ ಊರಿ ನಿಂತು ನೋಡುತ್ತಿದ್ದಳು. ಸುಮ್ಮನೆ ನೋಡಿದ್ದರೆ ಸರಿ! "ಆ ಮೇಷ್ಟ್ರು ನೋಡೇ, ಬೀರು ಸಾಗಿಸಿದ ಹಾಗೆ ಹೋಗ್ತಿದಾರೆ" ಎಂದು ಕೈಯಲ್ಲೇ ಚಟಾಕಿ ಹಾರಿಸುವಳು. ಜಾರುತ್ತಲೇ ತಂಗಿ ಎರಡೂ ಕೈಯೆತ್ತಿ ಉತ್ತರ ಕೊಡುವಳು. ಕಣ್ಣು ಅಕ್ಕನ ಮೇಲೆ, ಕೈ ಮಾತಿನ ಮೇಲೆ. ಇನ್ನು ಕಾಲನ್ನು ನೋಡಿಕೊಳ್ಳುವವರು ಯಾರು?

ಅವತ್ತೂ ಅದೇ ಆಯಿತು. ಅಕ್ಕನಿಗೆ "ನೀನು ಅಂಗಡಿ ತೆಗಿ, ಬರ್ತೀನಿ" ಎಂದು ಕೈಯಲ್ಲೇ ಹೇಳಿ, ಹೊರಟವಳ ಕಡೆಗೇ ನೋಡುತ್ತಾ ಜಾರುತ್ತಿದ್ದವಳು ಧೊಪ್ಪೆಂದು ಬಿದ್ದಳು. ಎರಡೂ ಅಂಗೈ ಐಸಿಗೆ ಬಡಿದವು. ಅಷ್ಟರಲ್ಲಿ ಅಕ್ಕ ಬಾಗಿಲು ದಾಟಿ ಆಗಿತ್ತು, ಅವಳಿಗೆ ಕಾಣಲಿಲ್ಲ.

ಓಡಿ ಬಂದವಳು ಅದೇ ತರಗತಿಯ ಡಾಕ್ಟ್ರಮ್ಮ. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ರಿಂಕ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಬೀಳುವವಳು, ಆದರೆ ಎಲ್ಲರಿಗಿಂತ ಚೆನ್ನಾಗಿ ಬೀಳುವವಳು. ಅವಳ ಕೈಯಲ್ಲಿ ಸದಾ ಗಟ್ಟಿ ಪಟ್ಟಿಯಿರುವ ಮಣಿಕಟ್ಟಿನ ಗಾರ್ಡು. ಫ್ರೇಮಮ್ಮನ ಕೈ ಹಿಡಿದು, ಮೆಲ್ಲಗೆ ಒತ್ತಿ, ಬೆರಳು ಆಡಿಸಿ ನೋಡಿದಳು.

"ಇವತ್ತು ಬಚಾವ್ ಕಣ್ರೀ. ಊತ ಬಂದ್ರೆ, ಕೈ ಸೊಟ್ಟ ಕಂಡ್ರೆ, ಬೆರಳು ಜೋಮು ಹಿಡಿದ್ರೆ ಎಳೀಬೇಡಿ, ತಿಕ್ಕಬೇಡಿ. ಬಳೆ, ಉಂಗುರ ತೆಗೆದು, ಕೈ ಅಲ್ಲಾಡದ ಹಾಗೆ ಗಟ್ಟಿ ಪಟ್ಟಿ ಕೊಟ್ಟು ಕಟ್ಟಿ, ಸೀದಾ ಆಸ್ಪತ್ರೆಗೆ ಬನ್ನಿ. ಅದು ಸರಿ, ಗಾರ್ಡ್ ಯಾಕೆ ಹಾಕ್ಕೊಳ್ಳಲ್ಲ ನೀವು?"

"ಅಯ್ಯೋ, ಅದನ್ನ ಹಾಕ್ಕೊಂಡ್ರೆ ಕೈ ಬಗ್ಗಲ್ಲ ಡಾಕ್ಟ್ರಮ್ಮ. ಅಕ್ಕನ ಹತ್ರ ಮಾತಾಡಿದ್ರೆ ಮಾತೆಲ್ಲ ತೊದಲುತ್ತೆ."

"ಕೈ ಮುರಿದ್ರೆ?"

"ಮುರಿದ್ರೆ ಇನ್ನೊಂದಿದೆಯಲ್ಲ! ಐದಾರು ವಾರ ತಾನೇ? ಹೇಗೋ ಕಳೀತೀನಿ."

ಡಾಕ್ಟ್ರಮ್ಮ ನಕ್ಕಳು. "ಐದಾರು ವಾರ ಬೇಡ. ಇವತ್ತು ಒಂದು ದಿನ ಒಂದೇ ಕೈಯಲ್ಲಿ ಕಳೀರಿ. ಬಾಜಿ! ನೀವು ಗೆದ್ರೆ ಗಾರ್ಡಿನ ಸುದ್ದಿ ನಾನು ಇನ್ಯಾವತ್ತೂ ಎತ್ತಲ್ಲ, ಸೋತ್ರೆ ಗಾರ್ಡ್ ಹಾಕ್ಕೋಬೇಕು."

ಅಷ್ಟು ಹೊತ್ತಿಗೆ ಕೋಚ್ ಬಂದು, ತರಗತಿಯವರೆಲ್ಲ ಸೇರಿ ಕೊಡುವ ಭಾನುವಾರದ ಪ್ರದರ್ಶನಕ್ಕೆ ಮೊದಲ ಹೆಜ್ಜೆ ಫ್ರೇಮಮ್ಮನದೇ, ಒಬ್ಬಳೇ ಜಾರಬೇಕು ಎಂದುಬಿಟ್ಟರು. ಫ್ರೇಮಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು! ಆ ಖುಷಿಯಲ್ಲಿ ಬಾಜಿಗೂ ಹೂಂ ಅಂದಳು. ಡಾಕ್ಟ್ರಮ್ಮ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂರಿಸಿ, ಬಲಗೈಗೆ ಗಟ್ಟಿ ಪಟ್ಟಿ ಕೊಟ್ಟು, ಬೆರಳ ತುದಿಯವರೆಗೆ ಬ್ಯಾಂಡೇಜು ಸುತ್ತಿ, ಕೊರಳಿಗೆ ತೂಗುಹಾಕಿದಳು. "ನಿಜವಾಗಿ ಮುರಿದಾಗ ಮೊದಮೊದಲು ಊತ, ನೋವಿಗೆ ಬೆರಳೂ ಮಾತು ಕೇಳಲ್ಲ. ಸಂಜೆ ಅಂಗಡಿ ಮುಚ್ಚೋವರೆಗೆ ಬಿಚ್ಚೋ ಹಾಗಿಲ್ಲ."

ಅಂಗಡಿಗೆ ಬಂದ ತಂಗಿಯನ್ನು ನೋಡಿ ಅಕ್ಕನ ಮುಖ ಬಿಳಿಚಿಕೊಂಡಿತು. ತಂಗಿ ತಲೆ ಅಲ್ಲಾಡಿಸಿ, ನಕ್ಕು, ಪಟ್ಟಿಯನ್ನು ಮೇಜಿಗೆ ಟಕಟಕ ಕುಟ್ಟಿ ತೋರಿಸಿ, ಇದು ಸುಳ್ಳು ಕಟ್ಟು ಎಂದು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಇನ್ನು ಪ್ರದರ್ಶನದ ಸುದ್ದಿ! ಎಡಗೈ ಒಂದರಲ್ಲೇ ಶುರುಮಾಡಿದಳು. ಭಾನುವಾರ ಎಂಬುದು ಹೇಗೋ ತಲುಪಿತು. ಉಳಿದದ್ದಕ್ಕೆ ಅಕ್ಕ ಒಂದೊಂದೇ ಊಹೆ ಮಾಡಿದಳು. "ಭಾನುವಾರ ಅಂಗಡಿ ರಜೆನಾ? ಭಾನುವಾರ ನೆಂಟರು ಬರ್ತಾರಾ? ಅಯ್ಯೋ, ಡಾಕ್ಟ್ರಮ್ಮನ ಮದುವೆನಾ?" ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ ಅನ್ನುತ್ತಾರಲ್ಲ, ಹರಟೆಯೂ ಆಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಗು ಕಡಿಮೆಯಾಯಿತು. ಮೊಳೆ ಹಿಡಿದರೆ ಸುತ್ತಿಗೆಗೆ ಕೈಯಿಲ್ಲ, ಸುತ್ತಿಗೆ ಹಿಡಿದರೆ ಮೊಳೆಗಿಲ್ಲ. ಅಕ್ಕ ಏನೋ ಕೇಳುವಳು, ತಂಗಿ ಅರ್ಧ ಹೇಳಿ ಕೈಬಿಡುವಳು. ಅಕ್ಕ ಮತ್ತೊಮ್ಮೆ ಕೇಳುವಳು. ಆಮೇಲೆ ಕೇಳುವುದನ್ನೇ ನಿಲ್ಲಿಸಿದಳು. ಬೆನ್ನು ತಿರುಗಿಸಿ ಗಾಜು ಒರೆಸುತ್ತಾ ಕೂತಳು. ಆ ಅಂಗಡಿ ಅಷ್ಟು ಮೌನವಾಗಿದ್ದದ್ದನ್ನು ಫ್ರೇಮಮ್ಮ ಯಾವತ್ತೂ ಕಂಡಿರಲಿಲ್ಲ. ಅವಳಿಗೆ ಸಂಕಟವಾಯಿತು. ಕೊನೆಗೆ ಒಂದು ಚೀಟಿ ಎಳೆದು, ಪ್ರದರ್ಶನದ ಸುದ್ದಿಯನ್ನು ಎಡಗೈಯಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ ಗೀಚಿ ಅಕ್ಕನ ಮುಂದೆ ಹಿಡಿದಳು.

ಅಕ್ಕ ಚೀಟಿಯನ್ನು ಓದಲೇ ಇಲ್ಲ. ಪಕ್ಕಕ್ಕಿಟ್ಟು, ಎರಡೂ ಕೈಯೆತ್ತಿ ನಿಧಾನವಾಗಿ ಹೇಳಿದಳು. "ಬ್ಯಾಂಕಲ್ಲಿ ಚೀಟಿ ಬರೀತೀನಿ. ಆಸ್ಪತ್ರೇಲಿ ಚೀಟಿ ಬರೀತೀನಿ. ಇನ್ನು ಮನೇಲೂ ಚೀಟಿನಾ? ನಿಜವಾಗಿ ನಿನ್ನ ಕೈ ಮುರಿದ್ರೆ ಅಷ್ಟು ದಿನ ನನ್ನ ಜೊತೆ ಯಾರೇ ಮಾತಾಡ್ತಾರೆ?"

ಫ್ರೇಮಮ್ಮನ ಕಣ್ಣು ತುಂಬಿತು. 'ನನ್ನ ಕೈ, ಮುರಿದರೆ ನೋವು ನನಗೆ ತಾನೇ' ಎಂದುಕೊಂಡಿದ್ದಳು. ಆ ಕೈಯಲ್ಲಿ ಅಕ್ಕನಿಗೂ ಅರ್ಧ ಪಾಲಿದೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಅಕ್ಕ ಅಷ್ಟಕ್ಕೇ ಬಿಡುವವಳೆ? ಗೋಡೆಯ ಮೊಳೆಗೆ ತೂಗುಹಾಕಿದ್ದ ಚರ್ಮದ ಕೈಗವಸುಗಳನ್ನು ತಂದು ತಂಗಿಯ ಮಡಿಲಿಗೆ ಹಾಕಿದಳು. "ಬರಿಗೈಲಿ ಗಾಜು ಮುಟ್ಟಿದ್ರೆ ನನಗೆ ಎಷ್ಟು ಬೈತೀಯ! ಗಾಜಿಗೆ ಕೈಗವಸು, ಮಂಜುಗಡ್ಡೆಗೆ ಬರಿಗೈಯಾ? ಇದ್ಯಾವ ನ್ಯಾಯನೇ?"

ಆ ಮಾತಿಗೆ ಉತ್ತರ ಹೇಳೋಣವೆಂದರೆ ಕೈ ಕೊರಳಲ್ಲಿ ತೂಗುತ್ತಿತ್ತು! ಫ್ರೇಮಮ್ಮ ಹಲ್ಲಿನಿಂದ ಗಂಟು ಎಳೆದು, ಬ್ಯಾಂಡೇಜನ್ನು ಸರಸರ ಬಿಚ್ಚಿ ಎಸೆದಳು. "ಸೋತೆ ಕಣೇ ಅಕ್ಕಾ, ಸೋತೆ! ನಾಳೆನೇ ಗಾರ್ಡ್ ತರ್ತೀನಿ. ಮತ್ತೆ ಕೇಳು, ಭಾನುವಾರ ಮೊದಲು ಜಾರೋದು ನಾನೇ, ಒಬ್ಬಳೇ!" ಅಕ್ಕ ಕುಣಿದಾಡಿದ ಅಬ್ಬರಕ್ಕೆ ಗೋಡೆಯ ಮೇಲಿನ ಖಾಲಿ ಫ್ರೇಮುಗಳೆಲ್ಲ ಗಡಗಡ ಅಂದವು.

ಮರುದಿನ ಡಾಕ್ಟ್ರಮ್ಮನೇ ನಿಂತು ಗಾರ್ಡು ಆರಿಸಿ ಕೊಟ್ಟಳು. "ಸಡಿಲ ಇದ್ರೆ ಪ್ರಯೋಜನ ಇಲ್ಲ, ಬಿಗಿಯಾಗಿ ಬೆರಳು ಜೋಮು ಹಿಡಿಯಲೂಬಾರದು. ಗಟ್ಟಿ ಪಟ್ಟಿ ಅಂಗೈ ಕಡೆ ಸರಿಯಾಗಿ ಕೂರಬೇಕು. ಇದನ್ನ ಹಾಕ್ಕೊಂಡ್ರೆ ಮುರಿಯೋದೇ ಇಲ್ಲ ಅಂತಲ್ಲ, ಮುರಿಯೋ ಭಯ ಕಡಿಮೆ. ಅದಕ್ಕೇ ಬೀಳೋದನ್ನೂ ಕಲೀಬೇಕು."

"ಬೀಳೋಕೂ ಪಾಠನಾ!"

"ಮತ್ತೇನು! ಜೋಲಿ ತಪ್ತು ಅನ್ನಿಸಿದ ಕೂಡಲೇ ಮಂಡಿ ಬಗ್ಗಿಸಿ ತಗ್ಗಿ. ಕೈ ಎದೆಗೆ, ಗದ್ದ ಕತ್ತಿಗೆ ಒತ್ತಿ. ಪಕ್ಕಕ್ಕೆ ವಾಲಿ ತೊಡೆ, ಪೃಷ್ಠದ ಮೇಲೆ ಬೀಳಿ, ಅಲ್ಲಿ ದೇವರು ಧಾರಾಳವಾಗಿ ಕೊಟ್ಟಿದಾನೆ. ಏಳೋವಾಗ ಮುಷ್ಟಿ ಕಟ್ಟಿ ಏಳಿ, ಹಿಂದೆ ಬರೋರ ಬೂಟಿನ ಬ್ಲೇಡು ಬೆರಳ ಮೇಲೆ ಹರಿಯಬಾರದು. ಸುಸ್ತಾದ್ರೆ ಪಕ್ಕಕ್ಕೆ ಬನ್ನಿ. ನಮ್ಮ ವಯಸ್ಸಿಗೆ ಮೂಳೆ ಗಟ್ಟಿ ಇದೆಯಾ ಅಂತ ಒಂದ್ಸಲ ಪರೀಕ್ಷೆನೂ ಮಾಡಿಸಿ."

ರಿಂಕ್‌ನ ಹೊರಗೆ ದಪ್ಪ ಚಾಪೆ ಹಾಸಿ ಎಲ್ಲರೂ ಬೀಳತೊಡಗಿದರು. ಡ್ರೈವರು ಬಿದ್ದ, ಮೇಷ್ಟ್ರು ಬಿದ್ದರು, ಅಜ್ಜಿ ಬಿದ್ದು "ಇನ್ನೊಂದ್ಸಲ!" ಅಂದಳು. ನೋಡುತ್ತಿದ್ದ ಅಕ್ಕ ತಾನೂ ಒಮ್ಮೆ ಬಿದ್ದು ನೋಡಿದಳು. ಕೊನೆಗೆ ಅವಳದೇ ಒಂದು ಕಾನೂನು ಬಂತು: "ಜಾರೋವಾಗ ಜಾರು. ಮಾತಾಡೋವಾಗ ನಿಂತು ಮಾತಾಡು. ನಾನು ಎಲ್ಲಿಗೂ ಓಡಿಹೋಗಲ್ಲ." ಗಾರ್ಡು ಹಾಕಿದ ಕೈಯಲ್ಲಿ ತಂಗಿಯ ಮಾತು ತೊದಲಿತು, ನಿಜ. "ಕೈ ಕಟ್ಟಿ ಕೂರೋದಕ್ಕಿಂತ ತೊದಲೋದು ವಾಸಿ" ಎಂದಳು ಅಕ್ಕ.

ಭಾನುವಾರ ಬಂತು. ಗಾರ್ಡು ಕಾಣದ ಹಾಗೆ ಅಗಲ ತೋಳಿನ ನೀಲಿ ಅಂಗಿ ತೊಟ್ಟು ಫ್ರೇಮಮ್ಮ ಐಸಿಗಿಳಿದಳು. ಸಂಗೀತ ಶುರುವಾಯಿತು. ಒಂದು ಸುತ್ತು, ಎರಡನೆಯ ಸುತ್ತು, ಏನು ಸೊಗಸು! ಆಮೇಲೆ ತಿರುಗುವಾಗ ಬ್ಲೇಡು ಸಿಕ್ಕಿಕೊಂಡಿತು. ಅಕ್ಕ ಅಡ್ಡಗೋಡೆಯನ್ನು ಗಟ್ಟಿಯಾಗಿ ಹಿಡಿದಳು.

ಫ್ರೇಮಮ್ಮ ಮಂಡಿ ಬಗ್ಗಿಸಿದಳು, ಪಕ್ಕಕ್ಕೆ ವಾಲಿದಳು, ತೊಡೆಯ ಮೇಲೆ ಬಿದ್ದಳು. ಹಳೇ ಚಾಳಿಗೆ ಬಲಗೈ ಮಾತ್ರ ಚಾಚಿಯೇ ಬಿಟ್ಟಿತು. ಗಾರ್ಡಿನ ಪಟ್ಟಿ ಐಸಿನ ಮೇಲೆ ಕರ್‍ರೆಂದು ಉಜ್ಜಿಕೊಂಡು ಹೋಯಿತು. ಅವಳು ಬೆರಳು ಆಡಿಸಿ ನೋಡಿದಳು, ಮುಷ್ಟಿ ಕಟ್ಟಿದಳು, ಎದ್ದಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಉಳಿದ ನೃತ್ಯವನ್ನೆಲ್ಲ ಮುಗಿಸಿ, ನಡುವೆ ಬಂದು ನಿಂತಳು. ಪೂರ್ತಿ ನಿಂತ ಮೇಲೆಯೇ ಎರಡೂ ಕೈಯೆತ್ತಿದಳು.

"ಅಕ್ಕಾ, ಕೈ ಚೆನ್ನಾಗಿದೆ! ಇವತ್ತು ಮನೇಲಿ ಹರಟೆ ಹೊಡೆಯೋದು ಬೇಕಾದಷ್ಟಿದೆ!"

ಅಕ್ಕ ಅಳುತ್ತಾ ನಗುತ್ತಾ ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿ ಅಲ್ಲಾಡಿಸಿದಳು. ಕಿವಿ ಕೇಳದವರ ಚಪ್ಪಾಳೆ ಅದು. ಡಾಕ್ಟ್ರಮ್ಮ ನೋಡಿ ಹಾಗೇ ಮಾಡಿದಳು, ಮೇಷ್ಟ್ರೂ ಮಾಡಿದರು. ನೋಡನೋಡುತ್ತಾ ಇಡೀ ರಿಂಕ್‌ನ ಸುತ್ತ ಕೈಗಳೇ ಕೈಗಳು.

ಐಸ್ ಮೇಲೆ ಜಾರುವ ಅಣ್ಣಂದಿರೇ, ಅಕ್ಕಂದಿರೇ, ವಯಸ್ಸಾಯಿತೆಂದು ಸ್ಕೇಟಿಂಗ್ ಬಿಡಬೇಡಿ, ಖುಷಿಯಾಗಿ ಜಾರಿ. ಆದರೆ ಮೊದಲು ಮೈಯನ್ನು ಬಿಸಿ ಮಾಡಿಕೊಳ್ಳಿ, ಮಣಿಕಟ್ಟಿಗೆ ಗಾರ್ಡು ಕಟ್ಟಿ, ಬೀಳುವುದನ್ನು ಕಲಿಯಿರಿ. 'ನನ್ನ ಕೈ, ನನ್ನಿಷ್ಟ' ಅನ್ನುವ ಮುಂಚೆ ಒಮ್ಮೆ ಮನೆಯ ಕಡೆ ನೋಡಿ. ನಿಮ್ಮ ಕೈಗಾಗಿ ಅಲ್ಲಿ ಯಾರೋ ಕಾಯುತ್ತಿರುತ್ತಾರೆ.