ನಾವು ಜೈಕಾರ ಹಾಕಿದ ದಿನ

"ತೋಪು ಹಾರಿದ್ದು ನಿನ್ನ ಮದುವೆಗೇನೇ, ಬೋಸುಡಿ? ಕೂತ್ಕೊಂಡು ಹೊಲಿಯೇ!" ಮೇಸ್ತ್ರಿ ಪ್ರಿಚರ್ಡ್ ಅರಚಿದ.

ನಾವು ಕೂರಲಿಲ್ಲ. ಹೊಲಿಯುತ್ತಿದ್ದ ಕರಿ ಕೋಟುಗಳನ್ನು ಬೆಂಚಿನ ಮೇಲೆಸೆದು ಹತ್ತೊಂಬತ್ತು ಹೆಂಗಸರೂ ಬೀದಿಗಿಳಿದೆವು. ಕಳೆದ ವರ್ಷ ನಮ್ಮ ಈ ಆಸ್ಟ್ರೇಲಿಯಾ ವಸಾಹತಿನ ಗವರ್ನರು ಕಲ್ಲುಕುಟಿಗರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ ಎಂಬ ಕಾನೂನಿಗೆ ಸಹಿ ಹಾಕಲು ಸಾರೋಟಿನಲ್ಲಿ ಬಂದಾಗಲೂ ಹೀಗೇ ತೋಪು ಹಾರಿತ್ತು. ಈ ಸಲ ನಮ್ಮ ಸರದಿ ಎಂದು ನಂಬಿದೆವು. ಎಂಥ ಮುಟ್ಠಾಳರು ನಾವು!

ನಂಬಿಸಿದವನು ಮಲ್ಕೇಹಿ. ಕಲ್ಲು ಒಡೆಯುತ್ತಿದ್ದವನು, ನಮ್ಮ ಓಣಿಯವನು, ಈಗ ಮಂತ್ರಿ. ಹೋದ ತಿಂಗಳು ನಮ್ಮ ಅಡುಗೆಮನೆಯಲ್ಲಿ ಕೂತು, ನಮ್ಮದೇ ಚಹಾ ಕುಡಿದು, ಹೊಲಿಯುವ ಹೆಂಗಸರಿಗೂ ಎಂಟೇ ಗಂಟೆ ಕೆಲಸ ಬೇಕೆಂದು ಪಾರ್ಲಿಮೆಂಟಿಗೆ ಬರೆದ ಅರ್ಜಿ ಬಿಚ್ಚಿದ್ದ. "ರುಜು ಹಾಕ್ರಮ್ಮ. ಕಾನೂನು ಬರ್ಲಿ, ಆಮೇಲೆ ಯಾವ ನನ್ಮಗ ನಿಮ್ಮನ್ನ ಕೆಲಸದಿಂದ ತೆಗೀತಾನೆ ನೋಡ್ತೀನಿ." ಹದಿನೆಂಟು ಜನ ಹಾಕಿದೆವು. ನನ್ನ ಓರಗಿತ್ತಿ ಹನೋರಾ ಮಾತ್ರ ಹಾಕಲಿಲ್ಲ. ಗಂಡ ಸತ್ತವಳು, ಎರಡು ಮಕ್ಕಳ ತಾಯಿ. ಕರಿ ಬಟ್ಟೆ ಹೊಲಿದು ಹೊಲಿದು ಕಣ್ಣು ಮಂಜಾಗಿತ್ತು. ಈ ಕೆಲಸ ಹೋದರೆ ಬೇರೆಲ್ಲೂ ಅವಳನ್ನು ಸೇರಿಸುತ್ತಿರಲಿಲ್ಲ.

ಪಾರ್ಲಿಮೆಂಟಿನ ಮೆಟ್ಟಿಲ ಮೇಲೆ ಗವರ್ನರ ಕಾರ್ಯದರ್ಶಿ ಕಾಗದ ಓದಿದ. ಉದ್ದುದ್ದ ಮಾತು, ಒಂದೂ ತಲೆಗೆ ಹೋಗಲಿಲ್ಲ. ಕೊನೆಗೆ "ದೇವರು ರಾಣಿಯನ್ನು ಕಾಪಾಡಲಿ" ಎಂದಾಗ ಎಲ್ಲರಿಗಿಂತ ಜೋರಾಗಿ ಜೈಕಾರ ಹಾಕಿದವರು ನಾವೇ. ಹನೋರಾ ನನ್ನ ಕೈ ಹಿಡಿದು ಅತ್ತಳು. "ಇನ್ಮೇಲೆ ದೀಪದ ಬೆಳಕಲ್ಲಿ ಹೊಲಿಯೋದು ತಪ್ತು ಕಣೇ."

ಪಕ್ಕದಲ್ಲಿದ್ದ ಪೊಲೀಸಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾಕ್ರೇ ಕುಣೀತೀರಾ? ಗವರ್ನರು ಸಭೇನೇ ವಿಸರ್ಜನೆ ಮಾಡಿದ್ರು. ಪಾಸಾಗದೆ ಉಳಿದಿದ್ದ ಮಸೂದೆ ಎಲ್ಲಾ ಅದರ ಜೊತೇಲೇ ಸತ್ತೋದ್ವು."

ಮಲ್ಕೇಹಿ ಮೆಟ್ಟಿಲಿಳಿದು ಬಂದ. ನಾನು ಅಡ್ಡ ನಿಂತೆ.

"ನಮ್ಮ ಮಸೂದೆ ಇವತ್ತು ಪಾಸಾಗ್ಬೇಕಿತ್ತಲ್ಲೋ! ಆ ಗವರ್ನರಿಗೇನು ಬಂದಿತ್ತು ರೋಗ?"

"ಅವರೇನು ಮಾಡ್ತಾರಮ್ಮ, ನಾವು ಮಂತ್ರಿಗಳೇ ಕೇಳ್ಕೊಂಡಿದ್ದು. ಈಗ ಚುನಾವಣೆ ಆದ್ರೆ ನಾವೇ ಗೆಲ್ತೀವಿ. ಹೊಸ ಸಭೇಲಿ ನಿಮ್ಮ ಮಸೂದೆನೇ ಮೊದಲು."

"ಅಲ್ಲೀತನಕ? ಅರ್ಜೀಲಿರೋ ನಮ್ಮ ಹೆಸರು?"

"ಅರ್ಜಿ ಅಂದ್ಮೇಲೆ ಅಚ್ಚಾಗ್ತದೆ, ಎಲ್ಲರಿಗೂ ಸಿಗ್ತದೆ. ಅದು ಪದ್ಧತಿ."

ಹೊಸ ಟೊಪ್ಪಿ ಸರಿಮಾಡಿಕೊಂಡು ಗಾಡಿ ಹತ್ತಿದ. ಹೆಂಗಸರಿಗೆ ವೋಟಿಲ್ಲ, ನಮ್ಮ ಹತ್ತಿರ ಅವನಿಗಿನ್ನೇನು ಕೆಲಸ!

ನಾವು ವಾಪಸು ಬರುವಷ್ಟರಲ್ಲಿ ಕಾರ್ಖಾನೆಯ ಬಾಗಿಲಿಗೆ ನಮ್ಮ ಹೆಸರುಗಳಿದ್ದ ಆ ಅಚ್ಚಿನ ಹಾಳೆಯನ್ನು ಮೊಳೆ ಹೊಡೆದು ಹಚ್ಚಿದ್ದರು. ಪ್ರಿಚರ್ಡ್ ಒಂದೊಂದೇ ಹೆಸರು ಕೂಗಿ ಕತ್ತರಿ ಕಸಿದುಕೊಂಡ. "ಹೋಗ್ರೇ, ನಿಮ್ಮ ಮಂತ್ರಿ ಸಾಕ್ತಾನೆ!" ಹದಿನೆಂಟೂ ಮುಗಿಯಿತು.

"ಹನೋರಾ, ನಿನ್ನ ಹೆಸರಿಲ್ಲ. ಒಳಗೆ ಬಾ. ಇವರಲ್ಲಿ ನೀನೊಬ್ಬಳೇ ಬುದ್ಧಿವಂತೆ."

ಹನೋರಾ ಬಾಗಿಲವರೆಗೆ ಹೋದಳು. ಒಳಗೆ ಹೋಗೇಬಿಡುತ್ತಾಳೆ ಎಂದುಕೊಂಡೆ. ಹೋಗಲಿ, ಮಕ್ಕಳಾದರೂ ಉಣ್ಣಲಿ ಎಂದೂ ಅನಿಸಿತು. ಅವಳು ಮೂಗು ತಾಗುವಷ್ಟು ಹತ್ತಿರ ಹೋಗಿ ಹಾಳೆಯ ಅಂಚನ್ನು ಬೆರಳಿನಿಂದ ತಡವಿದಳು.

"ನನ್ನ ಹೆಸರು ಬರೆಯೋಕೆ ಜಾಗ ಎಲ್ಲಿದೆಯೇ?" ಎಂದು ನನ್ನನ್ನು ಕೇಳಿದಳು.

"ಹಾಳೇಲಿಲ್ಲ ಕಣೇ. ಅದರ ಕೆಳಗೆ, ಬಾಗಿಲ ಮೇಲಿದೆ."

ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣವನ್ನು ಜೇಬಿನಿಂದ ತೆಗೆದು, ಪ್ರಿಚರ್ಡನ ಕಣ್ಣೆದುರೇ, ಅವಳಿಗೇ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ಹನೋರಾ ತನ್ನ ಹೆಸರು ಬರೆದಳು.