ಕೊಲಂಬೊಗೆ ಕೊಟ್ಟ ಪೊಟ್ಟಣಗಳು

ಕೊಲಂಬೊದಿಂದ ಬಂದವನಿಗೆ ಬಂಟ್ವಾಳ ಪೇಟೆ ಕೇಳುವುದು ಎರಡೇ ಪ್ರಶ್ನೆ. ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುವುದು? ಮೊದಲನೆಯದರ ಉತ್ತರ ಯಾರಿಗೂ ಬೇಕಾಗಿರುವುದಿಲ್ಲ. ಎರಡನೆಯದಕ್ಕೆ ನಿಂತು ಕಾಯುತ್ತಾರೆ.

ಕಮಲಾಕ್ಷ ಹೋಗುವವನಲ್ಲ. ಅಲ್ಲಿಯ ಸರಕಾರ ಅವನ ವಾಸದ ಪರವಾನಗಿಯನ್ನು ಮುಂದುವರಿಸಲಿಲ್ಲ. ಪ್ರಾಯದ ದಿನಗಳೆಲ್ಲ ಅವನು ದುಡಿದ ಹೋಟೆಲಿನ ಧಣಿ, "ನನ್ನ ಕೈಯಲ್ಲಿ ಏನೂ ಇಲ್ಲ ಮಾರಾಯ" ಎಂದು ಹಡಗು ಹತ್ತಿಸಿ ಕೈತೊಳೆದುಕೊಂಡ. ಆದರೆ ಬಂಟ್ವಾಳದಲ್ಲಿ ಬಸ್ಸಿನಿಂದ ಇಳಿದ ಕೂಡಲೇ ತಾಲೂಕು ಕಚೇರಿಯ ಜವಾನ ಎದುರಾಗಿ ಆ ಪ್ರಶ್ನೆ ಕೇಳಿದಾಗ ಅವನ ಬಾಯಿಗೆ ಬಂದದ್ದು ಬೇರೆ: "ಮಳೆ ಹಿಡಿಯುವ ಮೊದಲು ಹೋಗಬೇಕು." ಪೇಟೆಯಲ್ಲಿ ಒಬ್ಬನಿಗೆ ಹೇಳಿದರೆ ಡಂಗುರ ಹೊಡೆಸಿದ ಹಾಗೆ. ಸಂಜೆಯೊಳಗೆ ಅವನ ತಂಗಿ ರಾಜೀವಿಯೂ ಅದನ್ನೇ ನಂಬಿ ಅವನಿಗೆ ಮೂಲೆಯ ಕೋಣೆ ಬಿಟ್ಟುಕೊಟ್ಟಳು. ಮಳೆಗಾಲದವರೆಗೆ ತಾನೇ.

ಬೆಳಗಾದರೆ ಅವನು ಹಾಜಬ್ಬ ಬ್ಯಾರಿಯ ದಿನಸಿ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದ. ನೇತ್ರಾವತಿಯ ದೋಣಿಕಡವಿನಿಂದ ಹಂಚು ಹೊತ್ತ ಆಳುಗಳು ಮೇಲೆ ಬರುತ್ತಿದ್ದರು. ಬೆಳ್ತಂಗಡಿಯ ಬಸ್ಸಿನಿಂದ ಕೋಳಿ, ವೀಳ್ಯದೆಲೆಯ ಕಟ್ಟು, ವ್ಯಾಜ್ಯದ ಜನ ಇಳಿಯುತ್ತಿದ್ದರು. ಮೂಡಬಿದ್ರೆಯ ಬಸ್ಸಿನಲ್ಲಿ ಮುಂದಿನ ಸೀಟು ತುಂಬ ಒಬ್ಬ ಧಣಿ ಕೂತಿರುತ್ತಿದ್ದರು. ಪಕ್ಕದಲ್ಲಿ ಜಾಗ ಇದ್ದರೂ ಅವರ ಒಕ್ಕಲು ನಿಂತೇ ಬರುತ್ತಿದ್ದ. ಅಂಗಡಿಯಲ್ಲಿ ಯಾರೋ ಯಾರದೋ ಹೆಸರೆತ್ತುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಆ ಹೆಸರಿನವನು ಯಾರೆಂದು ಕಮಲಾಕ್ಷನಿಗೆ ಗೊತ್ತಿರುತ್ತಿರಲಿಲ್ಲ. ಅವನೂ ನಗುತ್ತಿದ್ದ, ಸ್ವಲ್ಪ ತಡವಾಗಿ.

ಆಮೇಲೆ ಪೊಟ್ಟಣಗಳು ಬರತೊಡಗಿದವು.

ಕೊಲಂಬೊಗೆ ಬರಿಗೈಯಲ್ಲಿ ಹೋಗುವ ಕ್ರಮ ಇಲ್ಲ. ಮಗನೋ ಅಳಿಯನೋ ಅಲ್ಲಿರುವ ಪ್ರತಿ ಮನೆಯಿಂದ ಒಂದು ಪೊಟ್ಟಣ ಹೋಗುವವನ ಪೆಟ್ಟಿಗೆ ಸೇರಬೇಕು. ಬೇಡ ಎಂದವನನ್ನು ಮತ್ತೆ ಯಾರೂ ಮನುಷ್ಯ ಎನ್ನುವುದಿಲ್ಲ. ಹಲಸಿನ ಹಪ್ಪಳ, ಉಪ್ಪಿನಕಾಯಿಯ ಭರಣಿ, ಮಂತ್ರಿಸಿದ ನೂಲು. ತಂದವರು ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ಪಕ್ಕದ ಮನೆಯ ಸರಸಕ್ಕ ಮಗನ ಸುದ್ದಿ ಹೇಳಿ ಅತ್ತು, ಕಮಲಾಕ್ಷನ ಕೈ ಹಿಡಿದುಕೊಂಡೇ ಎದ್ದಳು. ಊರಿಗೆ ಬಂದ ಮೇಲೆ ಅವನ ಕೈ ಹಿಡಿದವಳು ಅವಳೊಬ್ಬಳೇ. ಹೇಳಿಬಿಡಬೇಕು ಎಂದು ಅವನು ಪ್ರತಿ ಸಲವೂ ಅಂದುಕೊಂಡ. ಹೇಳಿದರೆ ನಾಳೆ ಯಾರೂ ಬರುವುದಿಲ್ಲ.

ಹಾಜಬ್ಬನೂ ಒಂದು ಪೊಟ್ಟಣ ತಂದ.

"ಇದು ನನ್ನ ಮಗ ಶರೀಫನಿಗೆ. ಹೊಟ್ಟೆನೋವು ಅಂತ ಬರೆದಿದ್ದಾನೆ, ಅಲ್ಲಿಯ ಮದ್ದು ಹಿಡಿಯುವುದಿಲ್ಲವಂತೆ. ಅವನ ತಾಯಿ ಹುರಿದು ಕುಟ್ಟಿದ ಪುಡಿ. ದಾರಿಯಲ್ಲಿ ನೀನು ತಿನ್ನಬೇಡ, ಹೊಟ್ಟೆ ಸರಿಯಿದ್ದವನಿಗೆ ಅದು ಭೇದಿ!"

"ಇಲ್ಲ ಬ್ಯಾರಿಗಳೇ" ಎಂದ ಕಮಲಾಕ್ಷ. ಪೊಟ್ಟಣ ಇನ್ನೂ ಬೆಚ್ಚಗಿತ್ತು.

ಮೋಡ ಕಟ್ಟಿದ ಒಂದು ಬೆಳಿಗ್ಗೆ ರಾಜೀವಿ ಪೆಟ್ಟಿಗೆಯನ್ನು ಎಳೆದು ನಡುಮನೆಗೆ ತಂದಳು.

"ಅಣ್ಣ, ಕಟ್ಟುವ. ಮಳೆ ಹಿಡಿದರೆ ಹಪ್ಪಳಕ್ಕೆ ಬೂಸ್ಟು ಬರ್ತದೆ."

"ನಾನು ಹೋಗುವುದಿಲ್ಲ."

"ಈ ವಾರವಾ?"

"ಯಾವ ವಾರವೂ ಇಲ್ಲ. ಅಲ್ಲಿ ನನ್ನನ್ನು ಇನ್ನು ಒಳಗೆ ಬಿಡುವುದಿಲ್ಲ."

ಅವಳು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡೇ ನಿಂತಳು. "ಮೊದಲೇ ಹೇಳ್ಲಿಕ್ಕೆ ನಿನಗೇನು ರೋಗ? ಊರಿಡೀ ಹೇಳಿಯಾಯ್ತು. ಈಗ ಜನರಿಗೆ ಏನು ಹೇಳುವುದು?"

"ನಾನೇ ಹೇಳ್ತೇನೆ."

ಮುಂದೆ ಏನು ಮಾಡುತ್ತೀ ಎಂದು ಅವಳು ಕೇಳಲಿಲ್ಲ. ಪೆಟ್ಟಿಗೆಯನ್ನು ಇದ್ದ ಜಾಗಕ್ಕೂ ದೂಡಲಿಲ್ಲ.

ಅವನು ಪೊಟ್ಟಣಗಳನ್ನೆಲ್ಲ ಚೀಲಕ್ಕೆ ತುಂಬಿಸಿ ಮನೆಮನೆಗೆ ಹೊರಟ. ಎಲ್ಲ ಕಡೆಯೂ ಒಂದೇ ಮಾತು: ನಾನು ಹೋಗುವುದಿಲ್ಲ, ಸುಳ್ಳು ಹೇಳಿದ್ದೆ. ಒಂದು ಮನೆಯಲ್ಲಿ, "ಅಲ್ಲಿ ಏನು ಮಾಡಿ ಸಿಕ್ಕಿಬಿದ್ದೆ?" ಎಂದರು. ಇನ್ನೊಂದರಲ್ಲಿ ಅವನ ಎದುರೇ ಭರಣಿಯ ಬಾಯಿ ಬಿಚ್ಚಿ ಇಣುಕಿದರು. ಸರಸಕ್ಕ "ಅಯ್ಯೋ ಪಾಪ" ಎಂದಳು, ಅದೇ ಉಸಿರಿನಲ್ಲಿ "ಬೇರೆ ಯಾರಾದರೂ ಹೋಗುವವರು ಉಂಟಾ?" ಎಂದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ಹಾಜಬ್ಬನ ಅಂಗಡಿಯನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಹಾಜಬ್ಬ ಮೆಣಸು ತೂಗುತ್ತಲೇ ಎಲ್ಲ ಕೇಳಿದ. ಗಿರಾಕಿ ಹೋದ ಮೇಲೆ ತಕ್ಕಡಿ ಕೆಳಗಿಟ್ಟ.

"ಮೊನ್ನೆ ಪಾಣೆಮಂಗಳೂರಿನ ನಮ್ಮವನೊಬ್ಬ ಕೊಲಂಬೊಗೆ ಹೋದ. ಶರೀಫನಿಗೆ ಏನಾದರೂ ಉಂಟಾ ಅಂತ ಮನೆಗೇ ಬಂದು ಕೇಳಿದ. ಬೇಡ, ನಮ್ಮ ಕಮಲಾಕ್ಷ ಹೋಗ್ತಾನೆ ಅಂದೆ."

"ತಪ್ಪಾಯಿತು."

"ಹೋಗ್ಲಿಕ್ಕೆ ಆಗದ್ದು ತಪ್ಪಲ್ಲ ಮಾರಾಯ. ದಿನಾ ಇಲ್ಲಿ ಕೂತದ್ದು ಎಂತಕ್ಕೆ? ಒಂದು ಮಾತು ಹೇಳ್ಲಿಕ್ಕೆ ಆಗ್ತಿರಲಿಲ್ಲವಾ?"

ಕಮಲಾಕ್ಷ ಪುಡಿಯ ಪೊಟ್ಟಣವನ್ನು ತಕ್ಕಡಿಯ ಪಕ್ಕ ಇಟ್ಟ. ಆ ಬೆಂಚಿನಲ್ಲಿ ಕೂತು ಅವನು ಪೇಟೆಯನ್ನೆಲ್ಲ ನೋಡಿದ್ದ, ಯಾರಿಗೂ ಏನೂ ಹೇಳಿರಲಿಲ್ಲ.

ಶಿರ್ತಾಡಿಯ ಒಬ್ಬ ಬೆಲ್ಲ ಕೇಳಿಕೊಂಡು ಬಂದ. ಹಾಜಬ್ಬ ಬೆಲ್ಲ ಕಟ್ಟಿಕೊಟ್ಟು, "ನಿಮ್ಮ ಕಡೆಯಿಂದ ಕೊಲಂಬೊಗೆ ಹೋಗುವವರು ಯಾರಾದರೂ ಉಂಟಾ?" ಎಂದು ವಿಚಾರಿಸಿದ. ಅವನು ಇಲ್ಲ ಎಂದ. ಮುಂದಿನವನನ್ನೂ ಕೇಳಿದ. ಅವನೂ ಇಲ್ಲ ಎಂದ. ಅಷ್ಟರಲ್ಲಿ ಮಳೆ ಬಂತು. ಬೀದಿಯವರೆಲ್ಲ ಅಂಗಡಿಯ ಮಾಡಿನ ಕೆಳಗೆ ಓಡಿ ಬಂದು ಒತ್ತಿ ನಿಂತರು. ಹಾಜಬ್ಬ ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಕಮಲಾಕ್ಷನ ಸರದಿ ಬಂದಾಗ ಅವನನ್ನು ಬಿಟ್ಟು, ಅವನ ಹೆಗಲ ಮೇಲಿಂದಲೇ ಆಚೆಗಿದ್ದವನನ್ನು ಕೇಳಿದ.