ಸಣ್ಣಮ್ಮನ ಪಂಪು ಮತ್ತು ಹಂದಿಜ್ವರದ ಪಾಲಿಸಿ

ಹುಚ್ಚಯ್ಯ ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಇಪ್ಪತ್ತೆರಡು ವರ್ಷ ಗೇಟು ಕಾದವನು. ಹುಲ್ಲಿನ ಲಾರಿ ಬಂದರೆ ಹುಲ್ಲು ಕೆದಕಿಸುತ್ತಿದ್ದ, ಕೋಳಿ ಲಾರಿ ಬಂದರೆ ಕೋಳಿಗಳ ಕೆಳಗೆ ಕೈ ಹಾಕಿಸುತ್ತಿದ್ದ. ಸ್ವಂತ ಭಾವಮೈದುನನ ಗಾಡಿಯನ್ನೂ ಟಾರ್ಪಾಲು ಎತ್ತಿಸದೆ ಬಿಟ್ಟವನಲ್ಲ. 'ಹುಚ್ಚಯ್ಯ ಹಾಲು ಕುಡಿಯೋಕೆ ಮುಂಚೆ ಹಸುವಿನ ಬಾಯ್ನೂ ಬುಡ್ಸಿ ನೋಡ್ತನೆ' ಎಂದು ಅವನ ಊರು ಹಂಗಳದ ಜನ ಅವನ ಬೆನ್ನ ಹಿಂದೆ ನಗುತ್ತಿದ್ದರು. ಇಂಥ ಆಸಾಮಿ ಇನ್ಶೂರೆನ್ಸಿನವರನ್ನು ನಂಬುವುದುಂಟೆ?

ಆದರೆ ನಂಬದೆ ವಿಧಿಯಿರಲಿಲ್ಲ. ಮಸ್ಕತ್ತಿನಲ್ಲಿ ನರ್ಸಾಗಿದ್ದ ದೊಡ್ಡ ಮಗಳು ಅನುವಿಗೆ ಏಳು ತಿಂಗಳು. ಚೊಚ್ಚಲ ಬಾಣಂತನ, ತಾಯಿ ಸಣ್ಣಮ್ಮ ಹೋಗಲೇಬೇಕು. ಎರಡು ಸಾವಿರದ ಒಂಬತ್ತರ ಆಗಸ್ಟು ಅದು. ಪೇಪರು, ಟಿವಿ ಎಲ್ಲಿ ನೋಡಿದರೂ ಹಂದಿಜ್ವರ, ಮೂಗಿಗೆ ಬಟ್ಟೆ ಕಟ್ಟಿಕೊಂಡ ಜನ. ಇನ್ಶೂರೆನ್ಸ್ ಇಲ್ಲದೆ ಅತ್ತೆಯನ್ನು ವಿಮಾನ ಹತ್ತಿಸಬೇಡಿ ಎಂದು ಅಳಿಯ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದ.

ಹಾಗಾಗಿ ಆ ಬೆಳಗ್ಗೆ ಗಂಡ ಹೆಂಡತಿ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಚಾಮರಾಜನಗರಕ್ಕೆ ಬಂದು, ಸುಧಾಕರನ ಅಂಗಡಿಯಲ್ಲಿ ಕೂತಿದ್ದರು. ಸುಧಾಕರ ಪಾಸ್‌ಪೋರ್ಟು, ಪಾಲಿಸಿ ಎಲ್ಲ ಮಾಡಿಸಿಕೊಡುವವನು. ಅಷ್ಟೇ ಆಗಿದ್ದರೆ ಹುಚ್ಚಯ್ಯನಿಗೆ ತಲೆಬಿಸಿ ಇರುತ್ತಿರಲಿಲ್ಲ. ಚಿಕ್ಕ ಮಗಳು ಮಾದೇವಿಯನ್ನು ಕೇಳಿಕೊಂಡು ಬಂದಿದ್ದ ಚಂದಕವಾಡಿಯ ಹುಡುಗನಿಗೆ ಇವನೇ ಸೋದರಮಾವ. ಹುಡುಗಿ ಒಪ್ಪಿಗೆಯಾಗಿದ್ದಳು, ವೀಳ್ಯಶಾಸ್ತ್ರ ಒಂದು ಬಾಕಿ.

ಹೋದ ವಾರ ಫಾರಂ ತುಂಬುವಾಗ ಸುಧಾಕರ, "ಅಕ್ಕನಿಗೆ ಹಳೇ ಕಾಯಿಲೆ ಏನಾದ್ರೂ ಇದ್ಯಾ?" ಎಂದು ಕೇಳಿದ್ದ. ಸಣ್ಣಮ್ಮ ಬಾಯಿ ತೆರೆಯುವ ಮೊದಲೇ ಹುಚ್ಚಯ್ಯ, "ಅಯ್ಯೋ, ಒಂದ್ ಶೀತನೂ ಇಲ್ಲ ಕಣಪ್ಪ, ಕಲ್ಲುಗುಂಡು" ಎಂದುಬಿಟ್ಟಿದ್ದ. ಉಬ್ಬಸದ ತಾಯಿಯ ಮಗಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಅನು ತಾನೇ ಮೆಚ್ಚಿ ಮದುವೆಯಾದಳು, ಯಾರೂ ಕೇಳಲಿಲ್ಲ. ಮಾದೇವಿಯ ಪಾಡು ಹಾಗಲ್ಲ. ಸಣ್ಣಮ್ಮನ ಉಸಿರಿನ ಪಂಪು ವರ್ಷಗಳಿಂದ ಅವಳ ಸೆರಗಿನ ಗಂಟಿನಲ್ಲೇ ಇತ್ತು. ನೆಂಟರು ಬಂದಾಗ ಹಿತ್ತಲಿಗೆ ಹೋಗಿ ಎಳೆದುಕೊಂಡು ಬರುತ್ತಿದ್ದಳು.

ಈಗ ಪಾಲಿಸಿಯ ಷರತ್ತುಗಳನ್ನು ಮುಂದಿಟ್ಟುಕೊಂಡು ಹುಚ್ಚಯ್ಯ ಲಾರಿ ತಪಾಸಣೆಗೆ ನಿಂತವನಂತೆ ಪ್ರಶ್ನೆಗೆ ಶುರುವಿಟ್ಟ.

"ಅಂದಿಜ್ವರ ಬಂದ್ರೆ ಕಂಪನಿಯೋರು ಕಾಸು ಕೊಡ್ತಾರೋ ಇಲ್ವೋ, ಮೊದ್ಲು ಅದ ಏಳು."

"ಕೊಡ್ತಾರೆ ಅಣ್ಣ. ಕೆಲವು ಕಂಪನಿ ಊರೂರಿಗೆ ಹರಡೋ ಕಾಯಿಲೆನ ಹೊರಗಿಡ್ತಾವೆ. ಅದ್ಕೇ ಹುಡುಕಿ ಇದನ್ನ ತೆಗೆದೆ. ಅಲ್ಲಿಗೆ ಹೋದ್ಮೇಲೆ ಜ್ವರ ಬಂದು ಆಸ್ಪತ್ರೆ ಸೇರಿದ್ರೆ ಖರ್ಚು ಅವರದು. ಸೇರೋಕೆ ಮುಂಚೆ ಈ ನಂಬರಿಗೆ ಫೋನ್ ಮಾಡ್ಬೇಕು."

"ಜ್ವರ ಅಂತ ಅನುಮಾನ ಬಂದು ಸುಮ್ನೆ ರೂಮಲ್ಲಿ ಕೂಡಾಕುದ್ರೆ?"

"ರೂಮಿನ ಬಾಡಿಗೆ ಕೊಡಲ್ಲ. ಔಷಧಿ, ಆಸ್ಪತ್ರೆ ಮಾತ್ರ."

"ನೋಡ್ದಾ, ಅಲ್ಲೇ ಒಂದ್ ತೂತು ಮಡಗವ್ರೆ!" ಹುಚ್ಚಯ್ಯನಿಗೆ ಕಳ್ಳಮಾಲು ಸಿಕ್ಕಷ್ಟು ಖುಷಿಯಾಯಿತು. "ಇನ್ನೂ ಎಲ್ಲೆಲ್ಲಿ ಮಡಗವ್ರೆ, ಎಲ್ಲಾ ಏಳ್ಬುಡು."

ಸುಧಾಕರ ಕನ್ನಡಕ ತೆಗೆದು ಒರೆಸಿಕೊಂಡ. "ದೊಡ್ಡದು ಒಂದೇ ಅಣ್ಣ. ಹಂದಿಜ್ವರ ಕೂರೋದು ಎದೇಲಿ. ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ರೆ ಮೊದಲು ಹಳೇ ಕಾಯಿಲೆ ಹುಡುಕ್ತಾರೆ. ಮುಚ್ಚಿಟ್ಟಿದ್ರು ಅಂತ ಗೊತ್ತಾದ್ರೆ ಪಾಲಿಸಿನೇ ರದ್ದು. ಒಂದು ಪೈಸೆ ಬರಲ್ಲ."

"ಮುಂಚೇನೆ ಏಳುದ್ರೆ?"

"ಆ ಹಳೇ ಕಾಯಿಲೆಗೆ ಕೊಡಲ್ಲ. ಹಂದಿಜ್ವರಕ್ಕೆ ಕೊಡ್ತಾರೆ."

ಹುಚ್ಚಯ್ಯನಿಗೆ ಅನುಮಾನ ಬಂತು. ಇವನು ಸುಮ್ಮನೆ ಹೇಳಿದನೋ, ವಾಸನೆ ಹಿಡಿದು ಹೇಳಿದನೋ? ಫಾರಂ ಕೊಟ್ಟು ಮನೆಯ ಗುಟ್ಟು ತೆಗೆಯಲು ಇವನ ಅಕ್ಕ, ಹುಡುಗನ ತಾಯಿ, ಇವನನ್ನು ಕೂರಿಸಿದ್ದಾಳೋ ಏನೋ. ಸುಧಾಕರನ ಮುಖವನ್ನು ದಿಟ್ಟಿಸಿ ನೋಡಿದ. ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಪಕ್ಕದ ಹಿಟ್ಟಿನ ಮಿಲ್ಲಿನಲ್ಲಿ ಯಾರದೋ ಮೆಣಸಿನಕಾಯಿ ಪುಡಿಗೆ ಬಿತ್ತು. ಘಾಟು ಬಾಗಿಲಲ್ಲಿ ನುಗ್ಗಿತು. ಸುಧಾಕರ ಸೀನಿದ, ಹುಚ್ಚಯ್ಯ ಸೀನಿದ. ಸಣ್ಣಮ್ಮ ಸೀನಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದಳು. ಅವಳ ಭುಜ ಮೇಲೆ ಕೆಳಗೆ ಆಡುತ್ತಿತ್ತು, ಎದೆಯಿಂದ ಸಣ್ಣಗೆ ಸಿಳ್ಳೆಯಂಥ ಸದ್ದು.

"ಯಾಕಕ್ಕ? ನೀರು ಕೊಡ್ಲಾ?"

ಅವಳು ಬೇಡವೆಂದು ಕೈ ಆಡಿಸಿದಳು. ಇನ್ನೊಂದು ಕೈ ಗಂಟನ್ನು ಹಿಸುಕುತ್ತಿತ್ತು, ಬಿಚ್ಚುತ್ತಿರಲಿಲ್ಲ. ಹುಚ್ಚಯ್ಯನಿಗೆ ಆ ಕೈ ಕಂಡಿತು. ಕಡಲಾಚೆ, ಗುರುತಿಲ್ಲದ ಆಸ್ಪತ್ರೆಯಲ್ಲಿ ಇವಳು ಹೀಗೇ ಗಂಟು ಹಿಡಿದು ಮಲಗಿರುವುದೂ, ತಾನು ಇಲ್ಲಿ ಫೋನು ಹಿಡಿದು ನಿಂತಿರುವುದೂ ಕಂಡಿತು. ಊರೆಲ್ಲರ ಲಾರಿ ತಪಾಸಣೆ ಮಾಡಿದವನು, ಕಳ್ಳಮಾಲನ್ನು ಹೆಂಡತಿಯ ಸೆರಗಿಗೇ ಕಟ್ಟಿ ಗೇಟು ದಾಟಿಸಲು ಹೊರಟಿದ್ದ. ಥೂ, ನನ್ನ ಜನ್ಮಕ್ಕೆ ಎಂದು ತನ್ನನ್ನೇ ಬೈದುಕೊಂಡ.

"ಎಳ್ಕೊ ಸಣ್ಣಿ" ಎಂದ.

ಅವಳು ಇಲ್ಲವೆಂದು ತಲೆ ಆಡಿಸಿದಳು. "ಮಾದೇವಿ..." ಎಂದಷ್ಟೇ ಮಾತು ಹೊರಬಂತು.

"ಇಲ್ಲೇ ಎಳ್ಕೊ ಅಂದೆ." ಹುಚ್ಚಯ್ಯ ತಾನೇ ಬಗ್ಗಿ, ಗಂಟು ಬಿಚ್ಚಿ, ಪಂಪು ತೆಗೆದು ಅವಳ ಕೈಗಿಟ್ಟ. ಸಣ್ಣಮ್ಮ ಎರಡು ಸಲ ಎಳೆದುಕೊಂಡಳು. ಸಿಳ್ಳೆ ನಿಧಾನಕ್ಕೆ ಇಳಿಯಿತು.

"ಅನು ಉಟ್ಟೋಕೂ ಮುಂಚಿಂದ ಅದೆ. ಬರ್ಕೊ" ಎಂದ ಹುಚ್ಚಯ್ಯ.

ಸುಧಾಕರ ಕಂಪನಿಗೆ ಇನ್ನೂ ಕಳಿಸದಿದ್ದ ಫಾರಂ ತೆಗೆದು, 'ಇಲ್ಲ' ಎಂದು ಬರೆದಿದ್ದ ಕಡೆ ಗೀಟು ಎಳೆದು, 'ಉಬ್ಬಸ' ಎಂದು ಬರೆದು, ಸಣ್ಣಮ್ಮನ ಸಹಿ ಹಾಕಿಸಿಕೊಂಡ. ಕಾಗದ ಮಡಿಸುತ್ತಾ ತಲೆ ಎತ್ತದೆ ಹೇಳಿದ: "ಅಣ್ಣ, ನೀವು ತಪ್ಪು ತಿಳ್ಕೋಬಾರ್ದು. ಇದನ್ನ ನಮ್ಮಕ್ಕನಿಗೆ, ಹುಡುಗನ ತಾಯಿಗೆ, ನಾನು ಹೇಳ್ಲೇಬೇಕು. ಹೇಳ್ದೆ ಇದ್ರೆ ನಾಳೆ ನನ್ ತಲೆಗೆ ಬರುತ್ತೆ. ಅವ್ರು ಏನಂತಾರೋ ನಂಗೊತ್ತಿಲ್ಲ."

"ಏಳು. ಆದ್ರೆ ನೀನು ಕಂಡುಹಿಡ್ದೆ ಅನ್ಬೇಡ. ಹುಚ್ಚಯ್ಯನೇ ಏಳ್ದ ಅನ್ನು."

ಗುಂಡ್ಲುಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೂ ಹುಚ್ಚಯ್ಯನಿಗೆ ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಒಬ್ಬ ಮಗಳ ಬಾಣಂತನ ಉಳಿಸಿ ಇನ್ನೊಬ್ಬ ಮಗಳ ಮದುವೆ ಕೆಡಿಸಿದೆನಲ್ಲ ಎಂಬ ಯೋಚನೆ ಅವನನ್ನು ಬಿಡಲಿಲ್ಲ.  ಸಣ್ಣಮ್ಮನ ಪಂಪು ಮತ್ತೆ ಗಂಟಿಗೆ ಹೋಗಿರಲಿಲ್ಲ, ಎಲೆಯಡಿಕೆ ಚೀಲದ ಜೊತೆ ಎಲ್ಲರಿಗೂ ಕಾಣುವಂತೆ ಅವಳ ತೊಡೆಯ ಮೇಲಿತ್ತು.

"ಮಾದೇವಿಗೆ ಏನ್ ಏಳನ?" ಎಂದ ಕೊನೆಗೆ.

"ನಾನ್ ಏಳ್ತೀನಿ ಬುಡಿ" ಎಂದಳು ಸಣ್ಣಮ್ಮ. "ಇಷ್ಟು ವರ್ಷ ಉಬ್ಬಸಕ್ಕಿಂತ ಅದ ಬಚ್ಚಿಡಾದ್ರಲ್ಲೇ ನಂಗೆ ಉಸಿರು ಕಟ್ಟಿತ್ತು. ಆ ಹೆಣ್ಗೆ ಅದ ಕಲಿಸ್ಬಾರ್ದು."